ಹುಲ್ಲೇ ಮೊದಲ ಬೆಳೆ

ನಾಗಪುರದ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸ



ಎತ್ತುಗಳ ಹಬ್ಬವಾದ ಪೋಳಾದ ಮರುದಿನ ಈ ಊರಿನ ಓಣಿಗಳಲ್ಲಿ ಮಕ್ಕಳು ಮರದ ಎತ್ತುಗಳನ್ನು ಎಳೆದುಕೊಂಡು ಸಾಲಾಗಿ ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ತಾನ್ಹಾ ಪೋಳಾ ಎಂದು ಅದರ ಹೆಸರು. ಭೋಸಲೆ ಅರಸರ ಕಾಲದಿಂದ ಬಂದದ್ದು. ನಮ್ಮ ಧಾರವಾಡದ ಕಡೆ ಮಣ್ಣೆತ್ತಿನ ಅಮಾವಾಸ್ಯೆ ಉಂಟಲ್ಲ, ಅದರ ಅಣ್ಣನೋ ತಮ್ಮನೋ ಎಂಬಂಥ ಹಬ್ಬ. ಎರಡೂ ಎರೆ ಮಣ್ಣಿನ ನಾಡುಗಳು. ಹತ್ತಿ, ತೊಗರಿ, ಜೋಳ ಬೆಳೆದ ನಾಡುಗಳು. ಮಳೆ ನಿಂತ ಮೇಲೆ ಬಿರಿದು ಬಾಯಿಬಿಡುವ ಅದೇ ಕರಿ ನೆಲ ನಮ್ಮ ಮನೆಯ ಹಿತ್ತಿಲಿನಿಂದ ಇಲ್ಲಿಯ ಕಾಟೋಲ್, ಸಾವನೇರ್ ತನಕ ಹಬ್ಬಿದೆ. ಆದ್ದರಿಂದ ಇಲ್ಲಿ ನಿಂತು ಒಕ್ಕಲುತನದ ಮಾತಾಡುವಾಗ ಪರವೂರಿನಲ್ಲಿ ನಿಂತಿದ್ದೇನೆ ಅನ್ನಿಸುವುದಿಲ್ಲ.

ಈ ವರ್ಷದ ವಿಷಯ ದೊಡ್ಡ ಪ್ರಮಾಣದ ಸಾವಯವ ಬೇಸಾಯ ಮತ್ತು ಹುಲ್ಲುಗಾವಲನ್ನು ನಂಬಿದ ಪಶುಪಾಲನೆ. ಎರಡು ವಿಷಯ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿದೆ. ನನ್ನ ಮಟ್ಟಿಗೆ ಅದು ಒಂದೇ ವಿಷಯ. ಅದು ಹೇಗೆ ಒಂದೇ ಎಂಬುದನ್ನು ತಡವಾಗಿ, ಕೈಸುಟ್ಟುಕೊಂಡು ಕಲಿತವನು ನಾನು.

ಹನ್ನೆರಡು ಎಕರೆ ಹೊಲವನ್ನು ಸಾವಯವಕ್ಕೆ ತರುತ್ತೇನೆಂದು ಹೊರಟಾಗ ನನ್ನಲ್ಲಿ ಉತ್ಸಾಹವಿತ್ತು, ಪುಸ್ತಕಗಳಿದ್ದವು, ಎರಡೇ ಎರಡು ಎತ್ತುಗಳಿದ್ದವು. ರಸಗೊಬ್ಬರ ಬಿಟ್ಟೆ, ಔಷಧಿ ಹೊಡೆಯುವುದನ್ನು ಬಿಟ್ಟೆ. ತಿಪ್ಪೆ ಗೊಬ್ಬರ ಸಾಲದೇ ಹೋದಾಗ ಪಟ್ಟಣದ ಆಚೆಯಿಂದ ಟ್ರ್ಯಾಕ್ಟರ್ ಲೆಕ್ಕದಲ್ಲಿ ಕೊಂಡು ಹಾಕಿಸಿದೆ. ಗೊಬ್ಬರದ ಜತೆ ಪ್ಲಾಸ್ಟಿಕ್ ಬಂತು, ಮುಂದಿನ ಮಳೆಗೆ ಹೊಲದ ತುಂಬ ಕಾಂಗ್ರೆಸ್ ಕಸ ಎದ್ದಿತು. ಪ್ರಮಾಣೀಕರಣಕ್ಕೆ ಬಂದ ತನಿಖಾಧಿಕಾರಿ ಬೆಳೆಯನ್ನು ಹೆಚ್ಚು ಹೊತ್ತು ನೋಡಲಿಲ್ಲ. “ಈ ಗೊಬ್ಬರ ಎಲ್ಲಿಂದ ಬಂತು? ಆ ದನ ಏನು ತಿಂದಿತ್ತು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ವರ್ಷ ಪ್ರಮಾಣಪತ್ರ ಸಿಗಲಿಲ್ಲ. ಆಮೇಲೆ ನಮ್ಮೂರಿನ ಕುರಿಗಾರ ಹಿರಿಯರೊಬ್ಬರು ಬದುವಿನ ಮೇಲೆ ಕುಳಿತು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: “ತಮ್ಮಾ, ನೀ ಹೊಲಾ ಅಷ್ಟ ನೋಡಾಕತ್ತಿ. ಹೊಲದ ಹೊಟ್ಟಿ ತುಂಬ್ಸೋ ಗುಡ್ಡ ಎಲ್ಲೈತಿ ನೋಡು.”

ಗುಡ್ಡ ಎಂದರೆ ಊರ ಗಾಯರಾಣ, ದನ ಮೇಯಲು ಬಿಟ್ಟ ಸಾಮಾನ್ಯ ನೆಲ. ಅದು ಆಗ ಕಾಲು ಭಾಗ ಕಲ್ಲುಗಣಿ, ಉಳಿದದ್ದು ಜಾಲಿಕಂಟಿ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಭಾವುಕತೆಯಿಂದ ಸಾವಯವ ನಡೆಯುವುದಿಲ್ಲ. ನಮ್ಮ ನಾಡದನ ದಿನಕ್ಕೆ ಸುಮಾರು 10 ಕಿಲೋ ಸಗಣಿ ಹಾಕುತ್ತದೆ. ಹಗಲು ಮೇಯುವಾಗ ಬಿದ್ದದ್ದು ಅಡವಿಯ ಪಾಲು, ರಾತ್ರಿ ಕೊಟ್ಟಿಗೆಯಲ್ಲಿ ಬಿದ್ದದ್ದು ನಮ್ಮ ಪಾಲು. ಅರ್ಧ ಸಿಕ್ಕಿತೆನ್ನಿ, ವರ್ಷಕ್ಕೆ 1,800 ಕಿಲೋ. ತಿಪ್ಪೆಯಲ್ಲಿ ಕಳಿತು ನೀರಾರಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ 1 ಟನ್. ಆ ಒಂದು ಟನ್ನಿನಲ್ಲಿ ಸಾರಜನಕ ಸುಮಾರು 5 ಕಿಲೋ. ಇತ್ತ ಒಂದು ಎಕರೆಯಲ್ಲಿ 5 ಕ್ವಿಂಟಲ್ ಬೀಜಸಹಿತ ಹತ್ತಿ ತೆಗೆದರೆ ಅದರ ಬೀಜದೊಳಗೇ ಹತ್ತು ಹನ್ನೊಂದು ಕಿಲೋ ಸಾರಜನಕ ಹೊಲ ಬಿಟ್ಟು ಪೇಟೆಗೆ ಹೋಗುತ್ತದೆ. ಎಂದರೆ ಹೋದದ್ದನ್ನು ತುಂಬಲು ಎಕರೆಗೆ ಎರಡು ಟನ್ ಗೊಬ್ಬರ, ಎರಡು ದನ. ತೊಗರಿ, ಹೆಸರು, ಅಲಸಂದಿಯ ಅಕ್ಕಡಿ ಸಾಲು ಹಾಕಿ ಗಾಳಿಯ ಸಾರಜನಕವನ್ನು ಬೇರಿಗೆ ಇಳಿಸಿದರೆ ಅರ್ಧ ಭಾರ ಇಳಿಯಬಹುದು. ಆಗಲೂ ಎಕರೆಗೆ ಒಂದು ದನ ಬೇಕು. ನೂರು ಎಕರೆಗೆ ನೂರು.

ಇಲ್ಲಿ ನೀವು ಸುಭಾಷ ಪಾಳೇಕರರ ಹೆಸರು ತೆಗೆಯುತ್ತೀರಿ, ತೆಗೆಯಬೇಕು ಕೂಡ. ಅವರು ಇದೇ ವಿದರ್ಭದವರು, ಅಮರಾವತಿ ಜಿಲ್ಲೆಯ ಬೇಲೋರಾ ಊರಿನವರು. ಓದಿದ್ದು ನಿಮ್ಮ ನಾಗಪುರದ ಕೃಷಿ ಕಾಲೇಜಿನಲ್ಲಿ, 1906ರಷ್ಟು ಹಳೆಯ ಕಾಲೇಜು ಅದು. ಆದರೆ ಅವರ ಮಾತಿಗೆ ಮೊದಲು ದೊಡ್ಡ ಸಭೆ ಕಟ್ಟಿಕೊಟ್ಟದ್ದು ಕರ್ನಾಟಕ. 2002ರ ಸುಮಾರಿಗೆ ರಾಜ್ಯ ರೈತ ಸಂಘದವರು ಅವರನ್ನು ಕರೆತಂದು ಊರೂರಿನಲ್ಲಿ ಶಿಬಿರ ನಡೆಸಿದರು. ಶೂನ್ಯ ಬಂಡವಾಳದ ಕೃಷಿ ಎಂಬ ಅವರ ಮಾತು ಸಾಲದಲ್ಲಿ ಮುಳುಗಿದ್ದ ರೈತನಿಗೆ ಎಷ್ಟು ಹಿತವಾಗಿ ಕೇಳಿಸಿತೆಂಬುದು ನನಗೆ ಗೊತ್ತು, ಅಂಥ ಶಿಬಿರದಲ್ಲಿ ನಾನೂ ಕೂತಿದ್ದೆ. ಒಂದು ನಾಟಿ ಹಸು ಇದ್ದರೆ 30 ಎಕರೆಗೆ ಸಾಕು ಎಂಬುದು ಅವರ ಸೂತ್ರ. 10 ಕಿಲೋ ಸಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, 200 ಲೀಟರ್ ನೀರು: ಜೀವಾಮೃತ. ಅದು ಗೊಬ್ಬರವಲ್ಲ, ಮಣ್ಣಿನ ಜೀವಿಗಳಿಗೆ ಹಾಕುವ ಹೆಪ್ಪು ಎಂದು ಅವರೇ ಹೇಳುತ್ತಾರೆ. ಹೆಪ್ಪಿನ ಹೋಲಿಕೆ ಸರಿಯಾಗಿಯೇ ಇದೆ. ಹೆಪ್ಪು ಹಾಕಲು ಪಾತ್ರೆಯಲ್ಲಿ ಹಾಲಿರಬೇಕು. ಹೊದಿಕೆ, ಕಸಕಡ್ಡಿ, ದ್ವಿದಳ ಬೆಳೆ ಸಮೃದ್ಧವಾಗಿದ್ದ ತೋಟಗಳಲ್ಲಿ ಜೀವಾಮೃತ ಕೆಲಸ ಮಾಡಿದ್ದನ್ನು ಕಂಡಿದ್ದೇನೆ. ಹತ್ತಿಯ ಮೇಲೆ ಹತ್ತಿ ಬಿತ್ತಿ ಬರಿದಾದ ಎರೆ ಹೊಲದಲ್ಲಿ ಅದೇ ಜೀವಾಮೃತ ಸೋತದ್ದನ್ನೂ ಕಂಡಿದ್ದೇನೆ. ಪಾಳೇಕರರು ರೈತನ ಕೈಯಿಂದ ಅಂಗಡಿಯ ಚೀಟಿ ಬಿಡಿಸಿದರು, ಆ ಋಣ ದೊಡ್ಡದು. ಒಂದು ಹಸುವಿನ ಲೆಕ್ಕವನ್ನು ಮಾತ್ರ ನಾನು ಒಪ್ಪಲಾರೆ.

ದನ ಗೊಬ್ಬರವನ್ನು ಹುಟ್ಟಿಸುವುದಿಲ್ಲ, ಹೊತ್ತು ತರುತ್ತದೆ. ಇವತ್ತಿನ ನನ್ನ ಮಾತಿನ ತಿರುಳು ಇದೇ. ನಿಮ್ಮದೇ ಹೊಲದ ಕಣಕಿ ತಿಂದ ದನ ನಿಮ್ಮ ಹೊಲದಿಂದ ಹೋದದ್ದರಲ್ಲಿ ಒಂದು ಪಾಲನ್ನು ಮರಳಿ ಕೊಡುತ್ತದೆ, ಅಷ್ಟೇ. ಗಾಯರಾಣದ ಹುಲ್ಲು ತಿಂದು ಸಂಜೆ ಕೊಟ್ಟಿಗೆಗೆ ಬಂದ ದನ ಹೊಸದನ್ನು ತರುತ್ತದೆ. ಬೇರು ಆಳಕ್ಕೆ ಇಳಿಸಿ ಕರಿಕಲ್ಲಿನ ಸಾರವನ್ನು ಎಳೆದ ಹುಲ್ಲಿನ ಪೊಟ್ಯಾಶ್, ರಂಜಕ, ಕಾಡು ದ್ವಿದಳ ಗಿಡಗಳು ಹಿಡಿದಿಟ್ಟ ಸಾರಜನಕ, ಎಲ್ಲ ನಾಲ್ಕು ಕಾಲಿನ ಮೇಲೆ ನಡೆದು ಹೊಲಕ್ಕೆ ಬರುತ್ತದೆ. ಎರೆ ಸೀಮೆಯ ಜೋಳ, ಹತ್ತಿ ಶತಮಾನಗಟ್ಟಲೆ ರಸಗೊಬ್ಬರವಿಲ್ಲದೆ ಬೆಳೆದದ್ದರ ಹಿಂದೆ ಈ ಸಂಜೆಯ ಮೆರವಣಿಗೆ ಇತ್ತು. ಕೊಯ್ಲಾದ ಹೊಲದಲ್ಲಿ ಕುರಿ ತರುಬುತ್ತಿದ್ದರಲ್ಲ, ಅದಕ್ಕೆ ರೈತ ಕುರಿಗಾರನಿಗೆ ಕಾಳು ಅಳೆದು ಕೊಡುತ್ತಿದ್ದ. ಪುಕ್ಕಟೆ ಏನೂ ಇರಲಿಲ್ಲ. ಅದು ವ್ಯಾಪಾರವೇ, ಗೌರವದ ವ್ಯಾಪಾರ.

ಈ ಮಾತನ್ನು ಮೊದಲು ಪುಸ್ತಕಕ್ಕೆ ಇಳಿಸಿದವರಲ್ಲಿ ಒಬ್ಬ ಸರ್ ಆಲ್ಬರ್ಟ್ ಹೊವಾರ್ಡ್. 1924ರಿಂದ 1931ರ ತನಕ ಇಂದೋರಿನ ಸಸ್ಯೋದ್ಯಮ ಸಂಸ್ಥೆಯಲ್ಲಿದ್ದಾಗ, ಇದೇ ಕರಿ ನೆಲದ ಮೇಲೆ, ಅವರು ಕಾಂಪೋಸ್ಟ್ ಪದ್ಧತಿಯನ್ನು ಒರೆಗೆ ಹಚ್ಚಿದರು. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಬೇಗ ಕಳಿಯದೆಂದು ಅವನ್ನು ಜಮೀನಿನ ದಾರಿಗೆ ಹಾಸಿ ಗಾಡಿಗಾಲಿಯಡಿ ಪುಡಿಮಾಡಿಸುತ್ತಿದ್ದರು, ಆಮೇಲೆ ದನದ ಕಾಲಡಿ ಹಾಸಿಗೆ, ಅಲ್ಲಿಂದ ಗುಂಡಿಗೆ. ಇವತ್ತು ವಿದರ್ಭದಲ್ಲೂ ನಮ್ಮ ಹಾವೇರಿಯಲ್ಲೂ ಹತ್ತಿ ಕಟ್ಟಿಗೆಗೆ ಬೆಂಕಿ ಇಡುವುದನ್ನು ಕಂಡಾಗ ಆ ಗಾಡಿದಾರಿ ನೆನಪಾಗಿ ಸಂಕಟವಾಗುತ್ತದೆ. ಮುಂದೆ, ಇಲ್ಲಿಂದ 75 ಕಿಲೋಮೀಟರ್ ದೂರದ ವರ್ಧಾದಲ್ಲಿ, ಗಾಂಧಿವಾದಿ ಜೆ.ಸಿ. ಕುಮಾರಪ್ಪ ಗ್ರಾಮೋದ್ಯೋಗದ ಅರ್ಥಶಾಸ್ತ್ರ ಕಟ್ಟುತ್ತಿದ್ದರು. ಗಾಂಧೀಜಿಯ ಜತೆಗಾರ ಜಮನಾಲಾಲ್ ಬಜಾಜ್ ಬದುಕಿನ ಕೊನೆಯ ತಿಂಗಳುಗಳನ್ನು ಅಲ್ಲಿಯ ಗೋಪುರಿಯಲ್ಲಿ ಗೋಸೇವೆಗೆ ಕೊಟ್ಟು 1942ರ ಫೆಬ್ರುವರಿ 11ರಂದು ತೀರಿಕೊಂಡರು. ಅವರೆಲ್ಲ ದನವನ್ನು ಕುರಿತು ಬಹಳ ಮಾತಾಡಿದರು. ಹುಲ್ಲನ್ನು ಕುರಿತು ಇನ್ನೂ ಸ್ವಲ್ಪ ಮಾತಾಡಿದ್ದರೆ ಎಂದು ನನ್ನ ಆಸೆ.

ಹುಲ್ಲಿನ ಮಾತನ್ನು ಆಡಳಿತದ ಮಾತಾಗಿ ಮಾಡಿದ್ದು ಮೈಸೂರು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ನಾಗಪುರಕ್ಕೂ ಪಾಲಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆಯನ್ನು ಹೈದರ್ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು ಕಟ್ಟುನಿಟ್ಟಿನ ನಿಯಮ ಬರೆಸಿದ. ಆ ದನಗಳಿಗೆಂದು ಕಾಯ್ದಿಟ್ಟ ಹುಲ್ಲುನೆಲಗಳೇ ಕಾವಲುಗಳು. ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದ್ದು ಬೇರೆ. ಮಂದೆ ಒಂದರಿಂದ ಒಂದಕ್ಕೆ ಹೋಗುವಾಗ ಹಿಂದೆ ಬಿಟ್ಟ ನೆಲದ ಹುಲ್ಲು ಬೀಜ ಕಟ್ಟಿ ಉದುರಿಸಿ ಮತ್ತೆ ಚಿಗುರುತ್ತಿತ್ತು. ಇಂದು ವಿದೇಶದ ಪುಸ್ತಕಗಳಲ್ಲಿ ಸರದಿ ಮೇಯಿಸುವಿಕೆ ಎಂದು ದೊಡ್ಡದಾಗಿ ಓದುತ್ತೇವಲ್ಲ, ಚಿತ್ರದುರ್ಗ, ಚಿಕ್ಕಮಗಳೂರು, ಹಾಸನದ ಕಾವಲುಗಾರರಿಗೆ ಅದು ದಿನದ ಕೆಲಸವಾಗಿತ್ತು.

1803ರಲ್ಲಿ ಆರ್ಥರ್ ವೆಲ್ಲೆಸ್ಲಿ ಸಿಂಧಿಯಾ ಮತ್ತು ನಾಗಪುರದ ರಘೋಜಿ ಭೋಸಲೆಯ ಮೇಲೆ ದಂಡೆತ್ತಿ ಬಂದಾಗ ಅವನ ತೋಪುಗಳನ್ನೂ ಸಾಮಾನನ್ನೂ ಎಳೆದದ್ದು ಮೈಸೂರಿನ ಈ ಎತ್ತುಗಳು. ಕಾಳಗ ನಡೆದದ್ದು ಅಸ್ಸಾಯೆಯಲ್ಲಿ, ಅಕೋಲಾ ಸೀಮೆಯ ಅಡಗಾಂವದಲ್ಲಿ, ಕೊನೆಗೆ ಗಾವಿಲಗಡದಲ್ಲಿ. ಆ ಡಿಸೆಂಬರಿನಲ್ಲೇ ದೇವಗಾಂವದಲ್ಲಿ ಭೋಸಲೆ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಈ ಕಡೆಯ ಗವಳಿಗಳು ವರ್ಧಾ ನದಿಯ ಸುತ್ತ, ಆರ್ವಿ, ಕಾರಂಜಾದ ಗುಡ್ಡಗಳಲ್ಲಿ ಸಾಕಿದ ಬಿಳಿಯ ಗವಳಾವ ತಳಿಯೂ ಅದೇ ಬಗೆಯದು: ಹಗುರ ಮೈ, ಉದ್ದ ಕಾಲು, ಓಟದ ಎತ್ತು. ಮರಾಠರ ದಂಡಿನ ಸಾಗಾಟಕ್ಕಾಗಿಯೇ ಈ ತಳಿ ರೂಪುಗೊಂಡಿತೆಂದು ಹೇಳಿಕೆಯಿದೆ. ಎರಡು ರಾಜ್ಯಗಳು ಎದುರುಬದುರಾಗಿ ನಿಂತ ಆ ಯುದ್ಧದಲ್ಲಿ ಎರಡೂ ಕಡೆಯ ಬಲ ಹುಲ್ಲಿನಿಂದ ಬಂದದ್ದು, ಕಾಯ್ದುಕೊಂಡ ಹುಲ್ಲಿನಿಂದ.

ಆಮೇಲೆ ಏನಾಯಿತು? 1860ರಲ್ಲಿ ಖರ್ಚು ಉಳಿಸಲೆಂದು ಅಮೃತಮಹಲ್ ಮಂದೆಗಳನ್ನು ಮಾರಿಬಿಟ್ಟರು. ಒಳ್ಳೆಯ ಎತ್ತು ಎಲ್ಲೂ ಸಿಗದಂತಾದಾಗ 1866ರಲ್ಲಿ ಮತ್ತೆ ಕಟ್ಟಲು ಹೊರಟರು. ದನವನ್ನು ಮರಳಿ ಕೂಡಿಸುವುದಾದರೂ ಆಗುತ್ತದೆ, ಹೋದ ಕಾವಲು ಮರಳುವುದಿಲ್ಲ. ಒಂದೊಂದು ಕಾಲದಲ್ಲಿ ಒಂದೊಂದು ಕಾರಣಕ್ಕೆ ಅವು ಕರಗಿದವು. ನಮ್ಮ ಕಣ್ಣೆದುರೇ, 2008ರ ಆಚೆಗೆ, ಚಳ್ಳಕೆರೆಯ ಸುಮಾರು 10 ಸಾವಿರ ಎಕರೆ ಕಾವಲು ದೊಡ್ಡ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಕುರಿ ಮೇಯಿಸುವವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಬೇಕಾಯಿತು. ಸರ್ಕಾರಿ ಕಾಗದದಲ್ಲಿ ಹುಲ್ಲುನೆಲವನ್ನು ಬಂಜರು ಎಂದು ಬರೆಯುವ ರೂಢಿ ಬಿಳಿಯರು ಬಿಟ್ಟುಹೋದದ್ದು. ಅದನ್ನು ಇನ್ನೂ ಉಳಿಸಿಕೊಂಡಿರುವುದು ನಮ್ಮ ತಪ್ಪು. ವರ್ಷಕ್ಕೊಂದು ಬೆಳೆ ಕೊಡುವ ನೆಲ ಬಂಜರು ಹೇಗಾದೀತು?

ವಿದರ್ಭದ ಹೊಲದೊಳಗಿನ ಮೇವೂ ಇದೇ ದಾರಿ ಹಿಡಿಯಿತು. ಇಲ್ಲಿ ಜೋಳ ಊಟವೂ ಆಗಿತ್ತು, ಕಣಕಿಯೂ ಆಗಿತ್ತು. ಅದರ ಜಾಗಕ್ಕೆ ಸೋಯಾ ಬಂತು. 2002ರಲ್ಲಿ ಬಿಟಿ ಹತ್ತಿಗೆ ಅಪ್ಪಣೆ ಸಿಕ್ಕ ಮೇಲೆ ಉಳಿದ ನೆಲವನ್ನು ಅದು ನುಂಗಿತು. ಬಣವೆ ಇಲ್ಲದ ಮನೆಯಲ್ಲಿ ಎತ್ತು ಎಷ್ಟು ದಿನ ನಿಂತೀತು? 2019ರ ಜಾನುವಾರು ಗಣತಿಯಲ್ಲಿ ದೇಶದ ಗಂಡು ದನಗಳ ಸಂಖ್ಯೆ ಏಳು ವರ್ಷದಲ್ಲಿ ಶೇ 30ರಷ್ಟು ಇಳಿದಿತ್ತು. 2017ರಲ್ಲಿ ಯವತ್ಮಾಳದ ಹತ್ತಿ ಹೊಲಗಳಲ್ಲಿ ಔಷಧಿ ಹೊಡೆಯುತ್ತಲೇ 20ಕ್ಕೂ ಹೆಚ್ಚು ಜನ ಸತ್ತರು. ಕೂಲಿಯವರೇ ಬಹಳ. ಸಾವಯವ ಎಂಬುದು ಪಟ್ಟಣದ ಶ್ರೀಮಂತರ ಶೋಕಿ ಎನ್ನುವವರಿಗೆ ನಾನು ಯವತ್ಮಾಳ ಎಂಬ ಒಂದೇ ಹೆಸರು ಹೇಳುತ್ತೇನೆ.

ಹಾಗಾದರೆ ದೊಡ್ಡ ಪ್ರಮಾಣದಲ್ಲಿ, ವ್ಯಾಪಾರಕ್ಕೆ ನಿಲ್ಲುವಂತೆ ಇದು ಆಗುವುದೇ? ಇಳುವರಿಯ ಬಗ್ಗೆ ಸುಳ್ಳು ಹೇಳಬಾರದು. ನರ್ಮದೆಯ ಕಣಿವೆಯ ನಿಮಾಡದಲ್ಲಿ, ನಮ್ಮಂಥದೇ ಕರಿ ಮಣ್ಣಿನಲ್ಲಿ, 2007ರಿಂದ ಬಯೋರೆ ಸಂಸ್ಥೆಯೊಡನೆ ಸ್ವಿಸ್ ಸಂಶೋಧಕರು ನಡೆಸಿದ ಪ್ರಯೋಗ ಇದೆ. ಮೊದಲ ಎರಡು ವರ್ಷ ಸಾವಯವ ಹತ್ತಿ ಶೇ 29 ಕಡಿಮೆ ಬಂತು, ಗೋಧಿ ಶೇ 27 ಕಡಿಮೆ. ಮುಂದಿನ ಎರಡು ವರ್ಷದಲ್ಲಿ ಹತ್ತಿ, ಗೋಧಿ ಎರಡೂ ಸರಿಸಮ. ಖರ್ಚು ಕಡಿಮೆಯಾದ್ದರಿಂದ ಆಗ ಎಲ್ಲ ಬೆಳೆಗಳ ಸರಾಸರಿ ಉಳಿತಾಯ ಸಾವಯವದಲ್ಲೇ ಶೇ 25 ಹೆಚ್ಚು. ಆ ಮೊದಲ ಎರಡು ವರ್ಷವೇ ರೈತನ ಕುತ್ತಿಗೆಗೆ ಬರುವ ಕಾಲ. ವರ್ಷದ ಬೆಳೆಗೆ ಎರಡು ವರ್ಷ, ನಿಮ್ಮ ಸಂತ್ರದಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಪರಿವರ್ತನೆಯ ಅವಧಿ. ಇಳುವರಿ ಇಳಿದಿರುತ್ತದೆ, ಸಾವಯವದ ಬೆಲೆ ಸಿಕ್ಕಿರುವುದಿಲ್ಲ. ಆಗ ಮನೆ ನಡೆಸುವುದು ಹಾಲು, ಕುರಿ, ಮೇಕೆ. ಹುಲ್ಲು ಮೇಯುವ ಪ್ರಾಣಿ ಸಾವಯವಕ್ಕೆ ಗೊಬ್ಬರವಷ್ಟೇ ಅಲ್ಲ, ಕೈಗಡವೂ ಹೌದು. ವಿದರ್ಭದ ಬೆರಾರಿ ಮೇಕೆ, ನಾಗಪುರಿ ಎಮ್ಮೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು.

ಒಬ್ಬನೇ ರೈತ ನೂರು ದನ ಸಾಕಬೇಕಾಗಿಲ್ಲ. ನೂರು ಎಕರೆಯ ಇಪ್ಪತ್ತು ಮೂವತ್ತು ಒಕ್ಕಲು ಒಂದು ರೈತ ಉತ್ಪಾದಕ ಕಂಪನಿಯಾಗಿ ಕೂಡಲಿ. ದನ ಕಾಯುವವನಿಗೆ, ಕುರಿಗಾರನಿಗೆ ಅದರಲ್ಲಿ ಷೇರು ಇರಲಿ. ಈ ಕೊನೆಯ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹೊಲ ಇಲ್ಲದವನನ್ನು ರೈತ ಎಂದು ನಮ್ಮ ಹೆಚ್ಚಿನ ಯೋಜನೆಗಳು ಎಣಿಸುವುದಿಲ್ಲ. ಇನ್ನು ಹುಲ್ಲಿನ ಲೆಕ್ಕ. ಕರ್ನಾಟಕ ಭೂಕಂದಾಯ ನಿಯಮಗಳು, 1966, ನಿಯಮ 97: ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳ, ಎಂದರೆ ಗಾಯರಾಣ. ಚೆನ್ನಾಗಿ ಕಾಯ್ದ ಹುಲ್ಲುನೆಲ ಹೆಕ್ಟೇರಿಗೆ 3 ಟನ್ ಒಣಮೇವು ಕೊಟ್ಟರೆ 36 ಟನ್. ನೂರು ದನಕ್ಕೆ ದಿನಕ್ಕೆ ತಲಾ 5 ಕಿಲೋ ಎಂದರೆ ವರ್ಷಕ್ಕೆ 180 ಟನ್ ಬೇಕು. ಗೋಮಾಳ ಐದರಲ್ಲೊಂದು ಪಾಲು ಹೊರುತ್ತದೆ. ಉಳಿದದ್ದಕ್ಕೆ ನೂರು ಎಕರೆಯಲ್ಲಿ ಮೂರನೆಯ ಒಂದು ಭಾಗ ಮತ್ತೆ ಜೋಳಕ್ಕೆ ಬರಬೇಕು, ಬದುಗಳ ಮೇಲೆ ಹುಲ್ಲು ನಿಲ್ಲಬೇಕು, ಸಂತ್ರದ ಗಿಡಗಳ ನಡುವೆ ದ್ವಿದಳ ಮೇವು ಬರಬೇಕು, ತೊಗರಿ ಹೊಟ್ಟು ಒಂದು ಬುಟ್ಟಿಯೂ ಹಾಳಾಗಬಾರದು. ಆಗಲೂ ಲೆಕ್ಕ ಬಿಗಿಯಾಗಿಯೇ ಇರುತ್ತದೆ. ನಮ್ಮ ಹಿರಿಯರಿಗೂ ಬಿಗಿಯಾಗಿಯೇ ಇತ್ತು. ಬಿಗಿ ಇದ್ದುದರಿಂದಲೇ ಅವರು ಹುಲ್ಲನ್ನು ಕಾಯ್ದರು.

ಮೇಯಲು ಬಿಡದೆ ಒಂದು ಮಳೆಗಾಲ ಕಾಯ್ದರೆ ಎರೆ ಸೀಮೆಯ ಗುಡ್ಡ ಎಷ್ಟು ಬೇಗ ಚೇತರಿಸುತ್ತದೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮೂರಿನಲ್ಲಿ ಹುಡುಗರು ಗಾಯರಾಣದ ಎಂಟು ಎಕರೆಯನ್ನು ದಸರೆ ತನಕ ಕಾಯ್ದರು. ಬೀಜ ಹಾಕಲಿಲ್ಲ, ನೀರು ಹಾಯಿಸಲಿಲ್ಲ. ಮೊಳಕಾಲೆತ್ತರ ಹುಲ್ಲು ಬಂತು, ಕೊಯ್ದು ಹೊರೆ ಕಟ್ಟಿ ಹಂಚಿಕೊಂಡರು. ಆ ಬೇರುಗಳು ಅಷ್ಟು ವರ್ಷ ಒಳಗೇ ಕಾದಿದ್ದವು.

ಸರ್ಕಾರದ ಪಾಲೂ ಇದೆ. 2004ರಷ್ಟು ಹಿಂದೆಯೇ ಸಾವಯವ ನೀತಿ ತಂದ ರಾಜ್ಯ ಕರ್ನಾಟಕ. 2015ರಿಂದ ಪರಂಪರಾಗತ ಕೃಷಿ ವಿಕಾಸ ಯೋಜನೆಯ ಹಣ ರಾಜ್ಯಗಳಿಗೆ ಬರುತ್ತಿದೆ. ಆ ಹಣದಲ್ಲಿ ಎರೆಹುಳು ತೊಟ್ಟಿ, ಡ್ರಮ್ಮು, ತರಬೇತಿಗೆ ಜಾಗವಿದೆ, ಹುಲ್ಲುನೆಲದ ಬೇಲಿಗೆ, ಕಾವಲುಗಾರನ ಸಂಬಳಕ್ಕೆ ಜಾಗ ಬೇಕು. ಎತ್ತು ಹೋರಿಗಳ ವಧೆಯನ್ನು ಮಹಾರಾಷ್ಟ್ರ 2015ರಲ್ಲಿ ನಿಷೇಧಿಸಿತು. ಅಂಥ ಕಾನೂನು ಮಾಡಿದ ಸರ್ಕಾರ ದುಡಿಮೆ ಮುಗಿದ ಎತ್ತಿನ ಮೇವಿನ ಖರ್ಚನ್ನು ತಾನೇ ಹೊರಬೇಕು. ಅದನ್ನು ಎರಡು ಎಕರೆಯ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ. ನಿಮ್ಮ ಊರಿನಲ್ಲೇ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಇದೆ, ಮಣ್ಣಿನ ಸಮೀಕ್ಷೆಯ ರಾಷ್ಟ್ರೀಯ ಕಚೇರಿ ಇದೆ, ಸಂತ್ರದ ಸಂಶೋಧನಾ ಕೇಂದ್ರ ಇದೆ, ಪಶುವೈದ್ಯ ವಿಶ್ವವಿದ್ಯಾಲಯ ಇದೆ. ಇಷ್ಟು ಸಂಸ್ಥೆಗಳು ಒಂದೇ ಊರಿನಲ್ಲಿರುವುದು ದೊಡ್ಡ ಭಾಗ್ಯ. ಒಂದು ಗಾಯರಾಣ, ನೂರು ದನ, ನೂರು ಎಕರೆ: ಈ ಮೂರನ್ನೂ ಒಟ್ಟಿಗೆ ಹತ್ತು ವರ್ಷ ಅಳೆಯುವ ಒಂದು ಪ್ರಯೋಗವನ್ನು ಅವು ಕೂಡಿ ನಡೆಸಲಿ ಎಂದು ಈ ವೇದಿಕೆಯಿಂದ ಕೈಮುಗಿದು ಕೇಳುತ್ತೇನೆ.

ನಿಮ್ಮಲ್ಲೂ ಒಂದು ಬೇಡಿಕೆ ಇದೆ. ನೌಕರಿಗೆಂದು ಇಲ್ಲಿಗೆ ಬಂದು ನೆಲೆಸಿದ ನಿಮ್ಮಲ್ಲಿ ಬಹಳ ಜನರಿಗೆ ಊರಿನಲ್ಲಿ ಇನ್ನೂ ಹೊಲವಿದೆ, ಉತಾರದಲ್ಲಿ ಹೆಸರಿದೆ. ಪಹಣಿ ಈಗ ಮೊಬೈಲಿನಲ್ಲೇ ಸಿಗುತ್ತದೆ. ಮುಂದಿನ ಸಲ ಊರಿಗೆ ಹೋಗುವ ಮುಂಚೆ ನಿಮ್ಮೂರಿನ ಗೋಮಾಳದ ಸರ್ವೆ ನಂಬರ್ ಯಾವುದು, ಅದು ಎಷ್ಟು ಎಕರೆ ಎಂದು ತೆಗೆದು ನೋಡಿ. ಊರ ಸಾಮಾನ್ಯ ನೆಲದ ಒತ್ತುವರಿಯನ್ನು ತೆರವು ಮಾಡಬೇಕೆಂದು 2011ರ ಜನವರಿ 28ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ, ಆ ತೀರ್ಪು ನಿಮ್ಮ ಬೆನ್ನಿಗಿದೆ. ಊರಿಗೆ ಹೋದ ದಿನ ಸಂಜೆ ಅಲ್ಲಿಗೆ ನಡೆದು ಹೋಗಿ, ಕಾಗದದಲ್ಲಿದ್ದಷ್ಟು ನೆಲ ಅಲ್ಲಿದೆಯೇ ನೋಡಿ. ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟು ಬನ್ನಿ.